ಗ್ಲಾಸಿಗೊಂದು ಅಂಕ, ಬಿಲ್ಲಿಗೊಂದು ಅಂಕ

ಗೋವಾಕ್ಕೆ ಹೊರಡುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ಆರ್‌ಡಿ ಮೆಚೂರ್ ಆಗಿರುತ್ತದೆ. ತಿಂಗಳಿಗೆ 1,000 ರೂಪಾಯಿ, ಒಂದು ವರ್ಷ. ಬಡ್ಡಿ ಶೇ 6.5 ಇದ್ದರೆ ಕೈಗೆ ಬರುವುದು 12,400ರ ಆಸುಪಾಸು. ರೂಮಿನ ಬಾಡಿಗೆ, ಪೆಟ್ರೋಲು, ರಾತ್ರಿಯೂಟ ಇವಕ್ಕೆಲ್ಲ ಬೇರೆ ದುಡ್ಡಿದೆ. ಈ ಆರ್‌ಡಿ ಇರುವುದು ಒಂದೇ ಕೆಲಸಕ್ಕೆ. ರಜೆಯಲ್ಲಿ ತಡವಾಗಿ ಎದ್ದು, ಹನ್ನೊಂದರ ಸುಮಾರಿಗೆ ನಾಷ್ಟಾ ಮತ್ತು ಊಟ ಎರಡನ್ನೂ ಒಟ್ಟಿಗೇ ಮುಗಿಸುವ ಬ್ರಂಚಿನ ಮೇಜಿನಲ್ಲಿ ಕಾಕ್‌ಟೇಲ್‌ಗಳ ರುಚಿ ನೋಡಿ, ಅವಕ್ಕೆ ಅಂಕ ಕೊಡುವುದಕ್ಕೆ.

ಅಷ್ಟಕ್ಕೂ ಒಂದು ಆರ್‌ಡಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎಂದೇ ನನ್ನ ಉತ್ತರ. ರೂಮಿನ ಬಾಡಿಗೆ ಬುಕ್ ಮಾಡುವಾಗಲೇ ಗೊತ್ತಾಗುತ್ತದೆ, ಧಾರವಾಡದಿಂದ ಅಳ್ನಾವರ, ರಾಮನಗರ, ಅನಮೋಡ ಘಾಟ್ ದಾಟುವ ಪೆಟ್ರೋಲಿನ ಲೆಕ್ಕವೂ ಹೆಚ್ಚುಕಡಿಮೆ ಆಗುವುದಿಲ್ಲ. ಗ್ಲಾಸಿನ ಲೆಕ್ಕವನ್ನು ಮಾತ್ರ ಯಾರೂ ಮೊದಲೇ ಬರೆದಿಡುವುದಿಲ್ಲ. ಬರೆದಿಡದ ಖರ್ಚು ಕ್ರೆಡಿಟ್ ಕಾರ್ಡಿನ ಮೇಲೆ ಹೋಗಿ ಕೂರುತ್ತದೆ. ಪೂರ್ತಿ ಕಟ್ಟದಿದ್ದರೆ ಅನೇಕ ಕಾರ್ಡುಗಳಲ್ಲಿ ವರ್ಷಕ್ಕೆ ಶೇ 40ರ ಹತ್ತಿರದ ಬಡ್ಡಿ ಅದರ ಬೆನ್ನಿಗೆ ಬೀಳುತ್ತದೆ. ಸಂತೋಷಕ್ಕೆಂದೇ ಕೂಡಿಟ್ಟ ದುಡ್ಡನ್ನು ಖರ್ಚು ಮಾಡುವಾಗ ಮನಸ್ಸು ಹಗುರವಾಗಿರುತ್ತದೆ, ನಾಲಿಗೆಯೂ ಚುರುಕಾಗಿರುತ್ತದೆ.

ಅಂಕ ಕೊಡುವ ನಮ್ಮ ಪದ್ಧತಿ ಹೀಗಿದೆ. ಇಬ್ಬರಿಗೂ ಸೇರಿ ಒಂದು ಗ್ಲಾಸ್. ಮೆನು ನಮ್ಮ ಯಜಮಾನರ ಕೈಯಲ್ಲಿರುತ್ತದೆ, ಆರ್ಡರ್ ಕೊಡುವವರೂ ಅವರೇ. ಬೆಲೆ ನನ್ನ ಕಣ್ಣಿಗೆ ಬೀಳಬಾರದು. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಜನರಿಗೆ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. 90 ಎಂದು ಹೇಳಿದಾಗ ಅದೇ ವೈನ್ ಹೆಚ್ಚು ರುಚಿಸಿತು. ಜನ ಬಾಯಿಮಾತಿಗೆ ಹಾಗೆ ಹೇಳಿರಬಹುದು ಅನ್ನುವಂತಿಲ್ಲ, ಸುಖವನ್ನು ಗ್ರಹಿಸುವ ಮಿದುಳಿನ ಭಾಗವೂ ಹೆಚ್ಚು ಚುರುಕಾದದ್ದು ಸ್ಕ್ಯಾನಿನಲ್ಲಿ ಕಂಡಿತ್ತು. ಅಂದಮೇಲೆ ಬೆಲೆ ನೋಡಿ ಕುಡಿದವರ ಅಂಕವನ್ನು ನಂಬುವುದು ಹೇಗೆ?

ಮೊದಲ ಗುಟುಕಿಗೊಂದು ಅಂಕ, ಹತ್ತು ನಿಮಿಷ ಬಿಟ್ಟು ಐಸ್ ಕರಗಿದ ಮೇಲೆ ಇನ್ನೊಂದು, ತಟ್ಟೆಯಲ್ಲಿರುವ ತಿಂಡಿಯ ಜೊತೆ ಮತ್ತೊಂದು. ಬಿಲ್ ಬಂದ ಮೇಲೆ ಕೊನೆಯ ಪ್ರಶ್ನೆ: ನಾಳೆ ಇಷ್ಟೇ ದುಡ್ಡು ಕೊಟ್ಟು ಇದನ್ನೇ ಮತ್ತೆ ತರಿಸುತ್ತೇನೆಯೇ? ಇದಕ್ಕೆ ಹೌದು ಅಥವಾ ಇಲ್ಲ, ಎರಡೇ ಉತ್ತರ.

ಈ ಅಂಕಗಳನ್ನು ಬರೆದಿಡುವ ನಮ್ಮ ಪುಸ್ತಕದಲ್ಲಿ ಸದಾ ಕೆಳಗಿರುವುದು ಮಿಮೋಸಾ. ಕಿತ್ತಳೆ ರಸ ಮತ್ತು ನೊರೆವೈನ್, ಅರ್ಧಕ್ಕರ್ಧ. 1920ರ ದಶಕದಲ್ಲಿ ಪ್ಯಾರಿಸ್ಸಿನ ರಿಟ್ಜ್ ಹೋಟೆಲಿನಲ್ಲಿ ಹುಟ್ಟಿದ್ದೆಂದು ಹೇಳುತ್ತಾರೆ. ಹೆಚ್ಚುಕಡಿಮೆ ಇದೇ ಪಾನೀಯವನ್ನು ಲಂಡನ್ನಿನ ಬಕ್ಸ್ ಕ್ಲಬ್ಬಿನಲ್ಲಿ 1921ರಲ್ಲೇ ಮಾಡಿದ್ದರಂತೆ. ಅಲ್ಲಿ ಅದಕ್ಕೆ ಶಾಂಪೇನ್ ಬಿತ್ತು. ನಮ್ಮಲ್ಲಿ ಆಮದು ವೈನಿನ ಮೇಲೆ ವರ್ಷಗಟ್ಟಲೆ ಶೇ 150ರ ಸುಂಕ ಇದ್ದುದರಿಂದ ಗ್ಲಾಸಿಗೆ ಬೀಳುವುದು ಸಾಮಾನ್ಯವಾಗಿ ದೇಶಿ ನೊರೆವೈನ್. ಅದರಲ್ಲಿ ತಪ್ಪೇನಿಲ್ಲ, ನಾಸಿಕದ ಕಡೆಯ ಒಳ್ಳೊಳ್ಳೆಯ ಬಾಟಲಿಗಳಿವೆ. ತಕರಾರು ಲೆಕ್ಕದ ಬಗ್ಗೆ. ಅಂಗಡಿಯಲ್ಲಿ 1,000 ರೂಪಾಯಿಯ 750 ಮಿಲಿ ಬಾಟಲಿ ಎಂದು ಹಿಡಿಯಿರಿ. ಒಂದು ಗ್ಲಾಸಿಗೆ 75 ಮಿಲಿ ಹೋದರೆ ಹತ್ತು ಗ್ಲಾಸು, ಗ್ಲಾಸಿಗೆ 100 ರೂಪಾಯಿ. ಉಳಿದದ್ದು ರಸ, ಅದೂ ಎಷ್ಟೋ ಕಡೆ ಪ್ಯಾಕೆಟ್ಟಿನದು. ಮೆನುವಿನಲ್ಲಿ ಬೆಲೆ 500ರಿಂದ 600. ಜೊತೆಗೆ, ಬೆಳಗಿನ ಮೊದಲ ಗಿರಾಕಿಗೆ ನಿನ್ನೆ ರಾತ್ರಿ ತೆರೆದ ಬಾಟಲಿಯದ್ದೇ ಬರುವ ಸಂಭವ ಹೆಚ್ಚು. ಗುಳ್ಳೆ ಸತ್ತ ಮಿಮೋಸಾ ಅಂದರೆ ಹುಳಿಯಾದ ಕಿತ್ತಳೆ ರಸ ಅಷ್ಟೇ.

"ಇದರಾಗ ರಸಾನ ಹೆಚ್ಚ ಐತಿ, ಮನ್ಯಾಗ ಮಾಡಕೋಬಹುದು" ಅಂದರು ಯಜಮಾನರು ಒಮ್ಮೆ. ಅದೇ ಸರಿ. ಹೊರಗೇ ಕುಡಿಯಬೇಕು ಎಂದಿದ್ದರೆ, ನಾಲ್ಕು ಜನ ಸೇರಿದಾಗ ಗ್ಲಾಸು ತರಿಸಬೇಡಿ, ಒಂದು ಬಾಟಲಿ ಮತ್ತು ಎದುರಿಗೇ ಹಿಂಡಿದ ಒಂದು ಜಗ್ ರಸ ಕೇಳಿ. ರೆಸ್ಟೋರೆಂಟಿನಲ್ಲಿ ಬಾಟಲಿಗೆ 2,500 ಹಾಕಿದರೂ ಗ್ಲಾಸಿಗೆ 250 ಬೀಳುತ್ತದೆ. ಬಾಟಲಿ ನಿಮ್ಮ ಕಣ್ಣೆದುರೇ ತೆರೆಯುತ್ತದೆ ಎಂಬುದು ಬೇರೆ ಲಾಭ.

ವೋಡ್ಕಾ ಮತ್ತು ಟೊಮೆಟೊ ರಸದ ಬ್ಲಡಿ ಮೇರಿಯ ಕಥೆ ಪೂರ್ತಿ ಬೇರೆ. ಪ್ಯಾರಿಸ್ಸಿನ ಹ್ಯಾರೀಸ್ ಬಾರಿನಲ್ಲಿದ್ದ ಫರ್ನಾಂಡ್ ಪೆಟಿಯೋ ಎಂಬಾತ ಇದನ್ನು ನ್ಯೂಯಾರ್ಕಿನ ಸೇಂಟ್ ರೀಜಿಸ್ ಹೋಟೆಲಿಗೆ ತಂದು, ಮೆಣಸು, ವೂಸ್ಟರ್ ಸಾಸ್, ನಿಂಬೆ ಸೇರಿಸಿ ಖಾರ ಮಾಡಿದ ಎಂಬುದು ಹೆಚ್ಚು ಜನ ಒಪ್ಪುವ ಮಾತು. ವೋಡ್ಕಾಗೆ ತನ್ನದೇ ರುಚಿ ಇಲ್ಲ, ಹಾಗಾಗಿ ಈ ಪಾನೀಯದಲ್ಲಿ ಮರೆಮಾಚಲು ಏನೂ ಇರುವುದಿಲ್ಲ. ಟೊಮೆಟೊ, ಉಪ್ಪು, ಹುಳಿ, ಖಾರ ಇವನ್ನು ಹದ ಮಾಡಿದ ಕೈ ಎಂಥದು ಅನ್ನುವುದು ಒಂದೇ ಗುಟುಕಿಗೆ ಗೊತ್ತಾಗುತ್ತದೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಮೂರೂ ಬಿದ್ದಿದೆ, ಒಂಬತ್ತೂ ಬಿದ್ದಿದೆ. ಮೂರು ಬಿದ್ದ ಕಡೆ ಡಬ್ಬಿಯ ರಸಕ್ಕೆ ಟಬಾಸ್ಕೋ ಹನಿಸಿ ಸೆಲರಿ ಕಡ್ಡಿ ಸಿಗಿಸಿದ್ದರು. ಒಂಬತ್ತು ಬಿದ್ದದ್ದು ಪಣಜಿಯ ಫೊಂತೈನ್ಯಾಸ್ ಗಲ್ಲಿಯ ಒಂದು ಪುಟ್ಟ ಜಾಗದಲ್ಲಿ. ಟೊಮೆಟೊವನ್ನು ಬೆಂಕಿಯಲ್ಲಿ ಸುಟ್ಟು ಅರೆದಿದ್ದರು. ವೂಸ್ಟರ್ ಸಾಸಿನ ಬದಲು ಗೋವಾದ ತೆಂಗಿನ ಕಳ್ಳಿನ ವಿನೆಗರ್, ಮೇಲೆ ಚೂರು ರೆಶಾದ್ ಮಸಾಲೆ. ಜೊತೆಗೆ ತಿನ್ನಲು ಬಿಸಿ ಪೋಯ್ ಬ್ರೆಡ್ಡಿನೊಡನೆ ರೋಸ್ ಆಮ್ಲೆಟ್. ಎರಡು ಕಡೆಯ ಬೆಲೆಗಳ ನಡುವೆ ಇದ್ದ ವ್ಯತ್ಯಾಸ 50 ರೂಪಾಯಿಗಿಂತ ಕಡಿಮೆ.

ಬಾರಿನವರು ಸುಲಿಗೆ ಮಾಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1,000 ರೂಪಾಯಿಯ ಜಿನ್ ಬಾಟಲಿಯಲ್ಲಿ 60 ಮಿಲಿಗೆ 80 ರೂಪಾಯಿ ಬೀಳುತ್ತದೆ. ನಿಂಬೆ, ಸಿರಪ್ಪು, ಐಸ್ ಸೇರಿ 120 ಎನ್ನಿ. ಅದನ್ನು 500ಕ್ಕೆ ಮಾರಿದರೆ ಉಳಿದ 380ರಲ್ಲಿ ಜಾಗದ ಬಾಡಿಗೆ, ಲೈಸೆನ್ಸು, ಕರೆಂಟು, ಒಡೆದ ಗ್ಲಾಸು, ಬೆಳಗಿನಿಂದ ಟೊಮೆಟೊ ಸುಡುತ್ತ ನಿಂತ ಹುಡುಗನ ಸಂಬಳ ಎಲ್ಲ ಬರಬೇಕು. ಆ ಹುಡುಗನ ಕೆಲಸಕ್ಕೆ ನಾನು ಸಂತೋಷದಿಂದ ಕೊಡುತ್ತೇನೆ. ಪ್ಯಾಕೆಟ್ ಕತ್ತರಿಸಿ ಸುರಿದಿದ್ದಕ್ಕೆ ಕೊಡಲು ಮನಸ್ಸು ಬರುವುದಿಲ್ಲ.

ಹಾಗೆಯೇ ಕಡಲಿನ ಬಾಡಿಗೆ. ವಾಗಾತೋರ್, ಅಂಜುನಾಗಳ ಗುಡ್ಡದ ಅಂಚಿನಲ್ಲಿ ಕೂತರೆ ಗ್ಲಾಸಿನ ಬೆಲೆಯಲ್ಲಿ ಅರಬ್ಬಿ ಸಮುದ್ರವೂ ಸೇರಿರುತ್ತದೆ. ಅದು ನ್ಯಾಯವೇ, ಆ ನೋಟ ಬೆಲೆಬಾಳುವಂಥದ್ದೇ. ಆದರೆ ನಾಲ್ಕು ಗ್ಲಾಸು ತರಿಸಿ ಅದೇ ಸಮುದ್ರಕ್ಕೆ ನಾಲ್ಕು ಸಲ ದುಡ್ಡು ಕೊಡುವುದೇಕೆ? ನಾವು ಅಲ್ಲಿ ಒಂದೊಂದು ಫ್ರೆಶ್ ಲೈಮ್ ಸೋಡಾ ಹಿಡಿದು ಕಣ್ತುಂಬ ಕಡಲು ನೋಡುತ್ತೇವೆ. ಕಾಕ್‌ಟೇಲಿಗೆ ಒಳನಾಡಿನ ಅಸ್ಸಗಾಂವ್‌ಗೋ ಪಣಜಿಗೋ ಹೋಗುತ್ತೇವೆ.

ಇನ್ನು 'ಅನ್‌ಲಿಮಿಟೆಡ್' ಬ್ರಂಚ್. ಭಾನುವಾರ ದೊಡ್ಡ ಹೋಟೆಲುಗಳಲ್ಲಿ ತಲೆಗೆ ಮೂರು ನಾಲ್ಕು ಸಾವಿರ ಕೊಟ್ಟರೆ ಎಷ್ಟಾದರೂ ಕುಡಿಯಬಹುದು. ರುಚಿ ನೋಡುವವರಿಗೆ ಇದು ತಕ್ಕದ್ದಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ದುಡ್ಡು ಕೊಟ್ಟಾದ ಮೇಲೆ ಮುಂದಿನ ಗ್ಲಾಸು ಪುಕ್ಕಟೆ ಅನ್ನಿಸುತ್ತದೆ. ಮೂರನೆಯದರ ಹೊತ್ತಿಗೆ ನಾಲಿಗೆಯ ಸೂಕ್ಷ್ಮ ಹೋಗಿರುತ್ತದೆ, ಕುಡಿಯುತ್ತಿರುವುದು ಕೊಟ್ಟ ಹಣ ವಸೂಲಿಗೆ. ಮಧ್ಯಾಹ್ನದ ಬಿಸಿಲಲ್ಲಿ ಅದರ ಬೆಲೆ ತೆರುವುದು ಮೈ.

ಬಿಲ್ಲನ್ನು ಓದುವುದನ್ನು ದಯವಿಟ್ಟು ಕಲಿಯಿರಿ. ಮದ್ಯ ಜಿಎಸ್‌ಟಿಯ ಒಳಗೆ ಬರುವುದಿಲ್ಲ, ಅದರ ಮೇಲಿನ ತೆರಿಗೆ ರಾಜ್ಯದ್ದು. ಆಮ್ಲೆಟ್ಟಿಗೆ, ಮಾಕ್‌ಟೇಲಿಗೆ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5 ಜಿಎಸ್‌ಟಿ. ಅದೇ ಆಮ್ಲೆಟ್ಟನ್ನು, ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ರೂಮುಗಳಿರುವ ಹೋಟೆಲಿನ ಒಳಗೆ ತಿಂದರೆ ಶೇ 18. 2,000 ರೂಪಾಯಿಯ ತಿಂಡಿಗೆ ಒಂದು ಕಡೆ 100 ತೆರಿಗೆ, ಇನ್ನೊಂದು ಕಡೆ 360. ಕೆಲವು ಕಡೆ ಇದರ ಮೇಲೆ ಶೇ 10 ಸರ್ವಿಸ್ ಚಾರ್ಜ್ ತಾನಾಗಿಯೇ ಬಂದು ಕೂತಿರುತ್ತದೆ. ಹಾಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ನಾನು ಸಮಾಧಾನದಿಂದಲೇ ತೆಗೆಸುತ್ತೇನೆ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಯ ಹೆಸರು ಹೇಳಿದರೆ ಸಾಕಾಗುತ್ತದೆ. ತೆಗೆಸಿದ ದುಡ್ಡನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ, ಪಾನೀಯ ಬೆರೆಸಿದವರ ಕೈಗೆ, ತಂದುಕೊಟ್ಟವರ ಕೈಗೆ ನಗದಾಗಿ ಕೊಡುತ್ತೇವೆ.

ಪುಸ್ತಕದ ಎಲ್ಲಕ್ಕಿಂತ ಮೇಲಿನ ಅಂಕ ಉರಾಕಿಗೆ. ಗೋಡಂಬಿ ಹಣ್ಣನ್ನು ತುಳಿದು ತೆಗೆದ ರಸವನ್ನು ಹುದುಗು ಬರಿಸಿ ಮೊದಲ ಸಲ ಭಟ್ಟಿ ಇಳಿಸಿದಾಗ ಬರುವುದು ಉರಾಕ್. ಮತ್ತೆ ಭಟ್ಟಿಗೇರಿದರೆ ಫೆನಿ. ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು, 2016ರಲ್ಲಿ ಗೋವಾ ಸರ್ಕಾರ ಫೆನಿಯನ್ನು ಪಾರಂಪರಿಕ ಪೇಯ ಎಂದು ಘೋಷಿಸಿತು. ಫೆನಿಯ ಮದ್ಯಸಾರ ಶೇ 42ರ ಆಸುಪಾಸು, ಉರಾಕಿನದು ಶೇ 15ರ ಹತ್ತಿರ. ಉರಾಕ್ ಬಹಳ ಕಾಲ ಇಟ್ಟರೆ ಕೆಡುತ್ತದೆ. ಹಾಗಾಗಿ ಫೆಬ್ರವರಿ ಕೊನೆಯಿಂದ ಮೇ ತನಕ, ಹಣ್ಣು ಬೀಳುವ ದಿನಗಳಲ್ಲಷ್ಟೇ ಅದರ ಕಾಲ. ಸೋಡಾ ಅಥವಾ ಲಿಮ್ಕಾ, ನಿಂಬೆಹೋಳು, ಉಪ್ಪು, ಸೀಳಿದ ಹಸಿಮೆಣಸಿನಕಾಯಿ. ಹಳ್ಳಿಯ ತಾವೆರ್ನಾ ಎಂಬ ಸಣ್ಣ ಬಾರಿನಲ್ಲಿ ಇದಕ್ಕೆ ನೂರು ರೂಪಾಯಿಯೂ ಆಗದು. ಅದನ್ನೇ ಕೋಕಂ, ಶುಂಠಿ ಸೇರಿಸಿ ಬ್ರಂಚಿನ ಮೇಜಿಗೆ ತಂದವರು 450 ತೆಗೆದುಕೊಂಡರು. ಬಿಲ್ ನೋಡಿದ ಮೇಲೂ ನನ್ನ ಉತ್ತರ ಎರಡು ಕಡೆಯೂ 'ಹೌದು' ಎಂದೇ ಇತ್ತು. ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲೂ ಗೋಡಂಬಿ ಬೇಕಾದಷ್ಟಿದೆ. ಬೀಜ ಕಿತ್ತು ಹಣ್ಣನ್ನು ಮರದಡಿಯಲ್ಲೇ ಕೊಳೆಯಲು ಬಿಡುತ್ತೇವೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಣ್ಣಿನ ದುಡ್ಡೂ ಆ ಬೆಳೆಗಾರರ ಕೈಸೇರಬೇಕಿತ್ತು.

ಲೆಕ್ಕ ಬರೆಯುವಾಗ ಎಲ್ಲರೂ ಬಿಡುವ ಒಂದು ಸಾಲಿದೆ, ಟ್ಯಾಕ್ಸಿ. 450ರ ಗ್ಲಾಸಿಗೆ ಹೋಗಿಬರಲು 1,200 ಟ್ಯಾಕ್ಸಿ ಕೊಟ್ಟರೆ ಅದು 1,650ರ ಗ್ಲಾಸು. ಗೋವಾದಲ್ಲಿ ಟ್ಯಾಕ್ಸಿ ಅಗ್ಗವಲ್ಲ, ಗೋವಾಮೈಲ್ಸ್ ಆ್ಯಪಿನಲ್ಲಿ ಬಾಡಿಗೆ ಮೊದಲೇ ಕಾಣುತ್ತದೆ ಎಂಬುದೊಂದು ಅನುಕೂಲ. ನಡೆದೇ ಹೋಗಬಹುದಾದ ಕಡೆ, ಅಂದರೆ ಪಣಜಿಯ ಹಳೇ ಓಣಿಗಳಲ್ಲಿ, ರೂಮು ಹಿಡಿದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಲೆಕ್ಕ ಸರಿಹೋಗುತ್ತದೆ. ಒಂದು ಗ್ಲಾಸಷ್ಟೇ ಎಂದು ಬಾಡಿಗೆ ಸ್ಕೂಟರ್ ಏರುವವರನ್ನು ಕಂಡರೆ ನನಗೆ ಭಯ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸಿನವರು ಕ್ಲೇಮ್ ತಳ್ಳಿಹಾಕಲೂ ಅದೇ ಕಾರಣ ಸಾಕು.

ಹಾಗಾಗಿ ಕಾರು ತೆಗೆದ ದಿನ ಒಬ್ಬರು ಮುಟ್ಟುವುದಿಲ್ಲ. ಅವರ ಪಾಲಿಗೆ ಮದ್ಯವಿಲ್ಲದ ಪಾನೀಯಗಳು, ಪುಸ್ತಕದಲ್ಲಿ ಅವಕ್ಕೂ ಒಂದು ಪುಟವಿದೆ. ಆ ಪುಟದಲ್ಲಿ ಯಜಮಾನರು ಕೋಕಂ ಸೋಡಾಕ್ಕೆ ಎಂಟು ಕೊಟ್ಟಿದ್ದಾರೆ, 180 ರೂಪಾಯಿ, ಮೇಲೆ ಶೇ 5 ತೆರಿಗೆ. ಏಪ್ರಿಲ್‌ನಲ್ಲಿ ಮತ್ತೆ ಹೊರಟಿದ್ದೇವೆ, ಈ ಸಲ ಸ್ಟೀರಿಂಗ್ ನನ್ನದು. ಭಟ್ಟಿಗೆ ಹೋಗುವ ಮುಂಚೆ ಗೋಡಂಬಿ ಹಣ್ಣಿನಿಂದ ತೊಟ್ಟಿಕ್ಕುವ ತಿಳಿರಸಕ್ಕೆ ಗೋವಾದಲ್ಲಿ ನೀರೋ ಅನ್ನುತ್ತಾರೆ. ಹುದುಗು ಬರುವ ಮುಂಚೆ, ಅದೇ ದಿನ ಕುಡಿಯಬೇಕು. ಅದು ಬೆಳಗಿನ ಹೊತ್ತು ಎಲ್ಲೆಲ್ಲಿ ಸಿಗುತ್ತದೆ ಎಂದು ಈಗಲೇ ವಿಚಾರಿಸಿ ಬರೆದಿಟ್ಟುಕೊಂಡಿದ್ದೇನೆ.