ತಾಯಿಹಾಲೂ ತುತ್ತನ್ನವೂ

ಮಗುವಿಗೆ ಮೊದಲ ಬಾರಿ ಅನ್ನವುಣಿಸುವ ದಿನ ನಮ್ಮ ಮನೆಗಳಲ್ಲಿ ಹಬ್ಬದ ದಿನ. ಅಜ್ಜಿಯ ಮಡಿಲಲ್ಲಿಯೋ ಸೋದರಮಾವನ ತೊಡೆಯ ಮೇಲೋ ಕುಳಿತ ಮಗುವಿನ ತುಟಿಗೆ ಒಂದಿಷ್ಟು ಪಾಯಸ ಸೋಕುತ್ತದೆ. ಮಗು ಮುಖ ಕಿವಿಚುತ್ತದೆ, ನೆರೆದವರು ನಗುತ್ತಾರೆ. ಅನ್ನಪ್ರಾಶನವೆಂಬ ಈ ಸಂಸ್ಕಾರಕ್ಕೆ ಗೃಹ್ಯಸೂತ್ರಗಳು ಗೊತ್ತುಮಾಡಿದ ಕಾಲ ಆರನೆಯ ತಿಂಗಳು. ಇಂದಿನ ವೈದ್ಯಶಾಸ್ತ್ರವೂ ಬೇರೊಂದು ದಾರಿಯಿಂದ ನಡೆದುಬಂದು ಹೆಚ್ಚುಕಡಿಮೆ ಅದೇ ಹೊಸ್ತಿಲಲ್ಲಿ ನಿಂತಿದೆ. ಮೊದಲ ಆರು ತಿಂಗಳು ತಾಯಿಹಾಲು ಮಾತ್ರ. ಆರು ತಿಂಗಳು ತುಂಬಿದ ಮೇಲೆ ತಾಯಿಹಾಲಿನ ಜೊತೆಗೆ ಬೇರೆ ಆಹಾರ. ಹಾಲೂಡಿಸುವುದು ಎರಡು ವರ್ಷ ಅಥವಾ ಅದಕ್ಕೂ ಮುಂದೆ — ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲು ನಾಲ್ಕರಿಂದ ಆರು ತಿಂಗಳೆಂದಿದ್ದ ಅವಧಿಯನ್ನು ಆರು ತಿಂಗಳೆಂದು ೨೦೦೧ರಲ್ಲಿ ಖಚಿತಪಡಿಸಲಾಯಿತು.

ಹಬ್ಬವೇನೋ ಒಂದು ದಿನದ್ದು. ಅದರ ಮರುದಿನದಿಂದ ಆರಂಭವಾಗುವ ಕಾಲವೇ ಎಚ್ಚರದ ಕಾಲ. ಇಲ್ಲಿ ನಮ್ಮ ಜನ ಎರಡು ಬಗೆಯಲ್ಲಿ ತಪ್ಪುವುದುಂಟು. ‘ಹಾಲುಂಟಲ್ಲ, ಇನ್ನೇನು ಬೇಕು?’ ಎಂದು ವರ್ಷ ತುಂಬುವವರೆಗೂ ಅನ್ನವನ್ನು ಮುಂದೂಡುವವರು ಕೆಲವರು. ‘ಅನ್ನ ಬಂದಿತಲ್ಲ, ಇನ್ನು ಹಾಲೇಕೆ?’ ಎಂದು ಹಾಲನ್ನು ಬಿಡಿಸುವವರು ಹಲವರು. ಇಬ್ಬರೂ ಮಗುವಿನ ಹಿತವನ್ನೇ ಬಯಸುವವರು. ಇಬ್ಬರಿಂದಲೂ ಮಗುವಿಗೆ ಹಾನಿಯಾಗುತ್ತದೆ. ಅನ್ನವು ಹಾಲಿನ ಜೊತೆಗೆ ಬರತಕ್ಕುದೇ ಹೊರತು ಹಾಲಿನ ಬದಲಿಗೆ ಬರತಕ್ಕುದಲ್ಲ. ಈ ಒಂದು ಮಾತನ್ನು ಅರಿತರೆ ಉಳಿದುದು ತಾನೇ ತಿಳಿಯುತ್ತದೆ.

ಮೊದಲ ಆರು ತಿಂಗಳು ಮಗುವಿಗೆ ಬೇಕಾದುದೆಲ್ಲವೂ ತಾಯಿಹಾಲಿನಲ್ಲಿದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಮಂದವಾದ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವೆಡೆ ಇತ್ತು. ರೋಗವನ್ನೆದುರಿಸುವ ಶಕ್ತಿ ಅತ್ಯಂತ ಹೆಚ್ಚಾಗಿರುವ ಹಾಲು ಅದೇ! ಬೇಸಗೆಯಲ್ಲಿಯೂ ಈ ಅವಧಿಯ ಮಗುವಿಗೆ ಬೇರೆ ನೀರು ಬೇಕಿಲ್ಲ. ಹಾಲಿನ ಹೆಚ್ಚಿನ ಪಾಲು ನೀರೇ ಆಗಿದೆ. ಹುಟ್ಟಿದ ಮಗುವಿನ ನಾಲಗೆಗೆ ಜೇನು ತಾಗಿಸುವ ರೂಢಿಯನ್ನೂ ಬಿಡಬೇಕು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲುದಾದ್ದರಿಂದ, ಒಂದು ವರ್ಷ ತುಂಬುವ ಮೊದಲು ಜೇನು ಸಲ್ಲದು.

ಹಾಗಾದರೆ ಆರು ತಿಂಗಳಾದ ಮೇಲೆ ಹಾಲು ಸಾಲದಾಗುವುದೇಕೆ? ಹಾಲಿನ ಗುಣ ಕುಂದಿತೆಂದಲ್ಲ; ಮಗು ಬೆಳೆಯಿತೆಂದು. ತಾಯಿಯ ಗರ್ಭದಲ್ಲಿದ್ದಾಗ ಮಗು ತನ್ನ ಮೈಯಲ್ಲಿ ಕೂಡಿಟ್ಟುಕೊಂಡ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಕರಗುತ್ತ ಬರುತ್ತದೆ. ತಾಯಿಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ಹೊರಗಿನ ಆಹಾರದಿಂದ ಅದು ಒದಗದಿದ್ದರೆ ರಕ್ತಹೀನತೆ ತಲೆದೋರುತ್ತದೆ. ಅದೇ ಹೊತ್ತಿಗೆ ಮಗು ಕತ್ತನ್ನು ನೇರವಾಗಿ ನಿಲ್ಲಿಸುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ಹಿರಿಯರ ತಟ್ಟೆಗೆ ಕೈಚಾಚುತ್ತದೆ. ಬಾಯಿಗಿಟ್ಟುದನ್ನು ನಾಲಗೆಯಿಂದ ಹೊರದೂಡುವ ಎಳೆಗೂಸಿನ ಸ್ವಭಾವ ಮರೆಯಾಗುತ್ತದೆ. ತಾನು ಉಣ್ಣಲು ಸಿದ್ಧವೆಂದು ಮಗು ಹೇಳುವ ರೀತಿ ಇದು.

ಹೀಗೆ ಆರಂಭವಾದ ಅನ್ನವು ಹಾಲಿನೊಡನೆ ಹೇಗೆ ಹೊಂದಿಕೊಳ್ಳಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಆರರಿಂದ ಹನ್ನೆರಡು ತಿಂಗಳವರೆಗೆ ಮಗುವಿಗೆ ಬೇಕಾದ ಶಕ್ತಿಯ ಅರ್ಧವನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ತಾಯಿಹಾಲೇ ಒದಗಿಸಬಲ್ಲುದು. ಎರಡನೆಯ ವರ್ಷದಲ್ಲಿಯೂ ಮೂರರಲ್ಲೊಂದು ಪಾಲು ಅದರಿಂದ ದೊರೆಯುತ್ತದೆ. ಉಳಿದುದನ್ನು ಅನ್ನ ತುಂಬಬೇಕು. ಆರರಿಂದ ಎಂಟು ತಿಂಗಳ ಮಗುವಿಗೆ ಹೊರಗಿನ ಆಹಾರದಿಂದ ದಿನಕ್ಕೆ ಸುಮಾರು ೨೦೦ ಕ್ಯಾಲೊರಿ, ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಸುಮಾರು ೩೦೦, ಎರಡನೆಯ ವರ್ಷದಲ್ಲಿ ಸುಮಾರು ೫೫೦ ಕ್ಯಾಲೊರಿ ಬೇಕಾಗುತ್ತದೆ. ಅನ್ನದ ಪಾಲು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಾಲಿನ ಪಾಲು ಮೆಲ್ಲಮೆಲ್ಲನೆ ಇಳಿಯುತ್ತದೆ. ಒಂದು ಏರುವ ಮುನ್ನ ಇನ್ನೊಂದನ್ನು ಕಿತ್ತುಕೊಂಡರೆ ನಡುವೆ ಬೀಳುವುದು ಮಗು.

ಹಾಗೆ ಬೀಳಲಿದ್ದ ಒಂದು ಮಗುವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ದಿನವೂ ಅರ್ಧ ಗಂಟೆ ತಡವಾಗಿ ಬರುತ್ತಿದ್ದ. ಗದರಿಸಿ ಕೇಳಿದಾಗ ತಲೆತಗ್ಗಿಸಿ, “ಅವ್ವ ಕೂಲಿಗೆ ಹೋಗ್ತಾಳೆ ಸಾರ್. ತಂಗಿಗೆ ಗಂಜಿ ಕುಡಿಸಿ ಬರ್ತೀನಿ” ಎಂದ. ಅಂದು ಸಂಜೆ ಅಂಗನವಾಡಿಯ ಕಾರ್ಯಕರ್ತೆಯನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಒಂಬತ್ತು ತಿಂಗಳ ಹೆಣ್ಣುಮಗು ಚಾಪೆಯ ಮೇಲೆ ಸುಮ್ಮನೆ ಮಲಗಿತ್ತು. ಕೈಕಾಲು ಸಣ್ಣಗಾಗಿದ್ದವು. ಅಳುವ ಮಗುವನ್ನು ಕಂಡು ಬೇಸರಪಡುವವರು ಅಳದ ಮಗುವನ್ನು ಕಂಡರೆ ಹೆದರಬೇಕೆಂದು ನನಗೆ ಆಗ ತಿಳಿಯಿತು.

“ಅನ್ನ ಉಣ್ಣೋ ಕೂಸಿಗೆ ಹಾಲ್ಯಾಕೆ ಅಂದ್ರು ಮೇಷ್ಟ್ರೇ. ರಾತ್ರಿ ಒಂದು ಸಲ ಮಾತ್ರ ಕೊಡ್ತೀನಿ” ಎಂದಳು ತಾಯಿ. ಕಾರ್ಯಕರ್ತೆ ಗಂಜಿಯ ಪಾತ್ರೆಗೆ ಚಮಚ ಅದ್ದಿ ಎತ್ತಿ ಸ್ವಲ್ಪ ಓರೆಮಾಡಿದರು. ಗಂಜಿ ನೀರಿನಂತೆ ಸುರಿದುಹೋಯಿತು. “ನೋಡಮ್ಮ, ಇದು ಹೊಟ್ಟೆ ತುಂಬಿಸ್ತದೆ, ಮೈ ತುಂಬಿಸೋದಿಲ್ಲ. ಚಮಚದಿಂದ ಜಾರದೆ ನಿಂತರೆ ಅದು ಮಗುವಿನ ಊಟ” ಎಂದರು. ಕೂಲಿಗೆ ಹೊರಡುವ ಮುನ್ನ, ಬಂದೊಡನೆ ಮತ್ತು ರಾತ್ರಿ ತಾಯಿ ಹಾಲೂಡಿಸಬೇಕು. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬೆಳಿಗ್ಗೆ ಅಣ್ಣನೂ ಮಧ್ಯಾಹ್ನ ಅಜ್ಜಿಯೂ ಗಟ್ಟಿಯಾದ ರಾಗಿ ಸರಿ ಉಣಿಸಬೇಕು — ಹೀಗೆಂದು ಗೊತ್ತಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಆ ಮಗುವಿನ ಗೆರೆ ಮೇಲಕ್ಕೆ ತಿರುಗಿತ್ತು. ಹುಡುಗ ತಡವಾಗಿ ಬರುವುದು ಮಾತ್ರ ನಿಲ್ಲಲಿಲ್ಲ. ನಾನೇ ಹಾಜರಿ ಕೂಗುವುದನ್ನು ತುಸು ತಡಮಾಡಿದೆ.

ಮಗುವಿನ ಜಠರ ಬಹಳ ಚಿಕ್ಕದು. ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು ೩೦ ಮಿಲಿಲೀಟರಿನಷ್ಟು ಮಾತ್ರ ಅದು ಹಿಡಿಯಬಲ್ಲುದು. ಅದನ್ನು ತಿಳಿನೀರಿನಿಂದ ತುಂಬಿಸಿದರೆ ಅನ್ನಕ್ಕೂ ಸ್ಥಳವಿಲ್ಲ, ಹಾಲಿಗೂ ಸ್ಥಳವಿಲ್ಲ. ನಮ್ಮ ಅಜ್ಜಿಯರು ಈ ಕಷ್ಟಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ಹಿಟ್ಟು ಮಾಡುತ್ತಿದ್ದರು. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಆದುದರಿಂದ ಈ ಹಿಟ್ಟಿನ ಸರಿ ಬೇಯುವಾಗ ಅಂಟಂಟಾಗಿ ಹೆಪ್ಪುಗಟ್ಟುವುದಿಲ್ಲ; ನೀರನ್ನು ಹೆಚ್ಚಿಸದೆಯೇ ಮಗು ನುಂಗುವಷ್ಟು ಮೆತ್ತಗಿರುತ್ತದೆ. ಅದೇ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಅಡಗುತ್ತದೆ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಇದೇ ತತ್ತ್ವವನ್ನು ಆಧರಿಸಿ, ಮೊಳೆಸಿದ ರಾಗಿ ಮತ್ತು ಹೆಸರುಕಾಳುಗಳಿಂದ ಶಿಶು ಆಹಾರವನ್ನು ರೂಪಿಸಿದರು. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣಾಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ.

ಆದರೆ ರಾಗಿಯೊಂದರಿಂದಲೇ ಎಲ್ಲವೂ ದೊರೆಯದು. ಹೊಸತೊಂದನ್ನು ಒಂದೆರಡು ಚಮಚದಿಂದ ಆರಂಭಿಸಿ, ಮಗುವಿಗೆ ಒಗ್ಗಿದಂತೆ ಬೇಳೆ, ಸೊಪ್ಪು, ಕ್ಯಾರೆಟ್, ಬಾಳೆಹಣ್ಣು, ಪರಂಗಿಹಣ್ಣುಗಳನ್ನು ಸೇರಿಸಬೇಕು. ರೂಢಿಯಿರುವ ಮನೆಗಳಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಮಾಂಸಗಳನ್ನು ಮೆತ್ತಗೆ ಮಾಡಿ ಕೊಡಬಹುದು. ಇವು ಕಬ್ಬಿಣಾಂಶಕ್ಕೆ ಒಳ್ಳೆಯ ಮೂಲಗಳು. ಒಂದು ಚಮಚ ತುಪ್ಪ ಅಥವಾ ಎಣ್ಣೆ ಊಟದ ಶಕ್ತಿಯನ್ನು ಹೆಚ್ಚಿಸುತ್ತದೆ. ಮೊದಲ ವರ್ಷ ಉಪ್ಪು ಸಕ್ಕರೆಗಳನ್ನು ದೂರವಿಡುವುದು ಲೇಸು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಅನಂತರ ಮೂರು ನಾಲ್ಕು ಸಲ ಉಣಿಸಬೇಕು. ಇಡಿಯ ಕಡಲೆಕಾಯಿ ಬೀಜ, ಗಟ್ಟಿ ಕಾಳುಗಳು ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅವುಗಳನ್ನು ಕೊಡಕೂಡದು.

ಉಣಿಸುವವರು ಸಾಬೂನಿನಿಂದ ಕೈ ತೊಳೆಯಬೇಕು. ಬಾಟಲಿಯ ಮೂಲೆಮೂಲೆಗಳನ್ನು ಶುಚಿಗೊಳಿಸುವುದು ಕಷ್ಟ. ಬಟ್ಟಲು ಚಮಚಗಳನ್ನು ತೊಳೆಯುವುದು ಸುಲಭ. ಬೆಳಿಗ್ಗೆ ಮಾಡಿದುದನ್ನು ಸಂಜೆಗಿಡುವುದು ಬೇಡ. ಮಗು ಬಾಯಿ ಮುಚ್ಚಿ ಮುಖ ತಿರುವಿದರೆ ಸಾಕೆಂದು ಅರ್ಥ. ಮೂಗು ಹಿಡಿದು ಗಂಟಲಿಗೆ ಸುರಿಯುವುದು ಕ್ರೌರ್ಯ. ಭೇದಿಯಾದಾಗ ಅನ್ನ ಹಾಲುಗಳನ್ನು ನಿಲ್ಲಿಸುವ ಪದ್ಧತಿಯಂತೂ ತೀರ ತಪ್ಪು. ಆಗಲೇ ತಾಯಿಹಾಲು ಹೆಚ್ಚಾಗಿ ಬೇಕು. ಗುಣವಾದ ಮೇಲೆ ಕೆಲವು ದಿನ ಊಟವೂ ಒಂದು ತುತ್ತು ಹೆಚ್ಚಾಗಿಯೇ ಇರಬೇಕು.

ಇಷ್ಟೆಲ್ಲವನ್ನೂ ತಾಯಿಯೊಬ್ಬಳ ತಲೆಗೆ ಕಟ್ಟುವುದು ನ್ಯಾಯವಲ್ಲ. ೨೦೧೭ರ ತಿದ್ದುಪಡಿಯಿಂದ ನಮ್ಮ ದೇಶದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ ೨೬ ವಾರಗಳಾಯಿತು. ಲೆಕ್ಕಕ್ಕೆ ಸರಿಯಾಗಿ ಆರು ತಿಂಗಳು! ಆದರೆ ಹೊಲಗದ್ದೆಗಳಲ್ಲಿ ದಿನಗೂಲಿ ಮಾಡುವ ತಾಯಿಗೆ ರಜೆ ಕೊಡುವವರಾರು? ಅವಳ ನೆರವಿಗೆ ಊರೂ ಮನೆಯೂ ನಿಲ್ಲಬೇಕು. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಊರೂರಿನ ಅಂಗನವಾಡಿಗಳಲ್ಲಿ ಮಕ್ಕಳನ್ನು ತೂಗಿ, ಪೌಷ್ಟಿಕ ಆಹಾರವನ್ನು ನೀಡಿ, ತಾಯಂದಿರಿಗೆ ತಿಳಿವಳಿಕೆ ಹೇಳುತ್ತಾರೆ.

ತಾಯಿಹಾಲನ್ನು ಕೊಡಬಲ್ಲವಳು ತಾಯಿ. ತುತ್ತನ್ನಾದರೋ ತಂದೆ ಕೊಡಬಹುದು, ಅಜ್ಜಿ ಕೊಡಬಹುದು, ಅಣ್ಣ ಅಕ್ಕಂದಿರು ಕೊಡಬಹುದು. ಮಗುವಿಗೆ ಆರು ತಿಂಗಳು ತುಂಬಿದ ದಿನ ಅದನ್ನು ಸಲಹುವ ಕೆಲಸ ಮನೆಯವರೆಲ್ಲರದೂ ಆಗುತ್ತದೆ. ನಿಮ್ಮ ಮನೆಯಲ್ಲಿ ಎಳೆಯ ತಮ್ಮನೋ ತಂಗಿಯೋ ಇದ್ದರೆ, ಇಂದು ಸಂಜೆ ಅದರ ಬಟ್ಟಲಿನಿಂದ ಒಂದು ಚಮಚ ಎತ್ತಿ ಓರೆಮಾಡಿ ನೋಡಿರಿ. ಅದು ಸುರಿದುಹೋದರೆ ಏನು ಮಾಡಬೇಕೆಂಬುದು ಈಗ ನಿಮಗೆ ಗೊತ್ತು.