ದೇವಕಥೆಯ ಅರ್ಥವಿಚಾರ: ಡೆಲ್ಫಿ ಮತ್ತು ಮೈಲಾರ

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಹತ್ತನೆಯ ತರಗತಿಯಲ್ಲಿ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ಕೃತಿಪರಿಚಯವನ್ನು ಹೇಳುತ್ತಿದ್ದೆ. ಯವನ ಮಹಾಕವಿ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕದ ಜೀವವನ್ನು ಮಹಾಭಾರತದ ದೇಹದಲ್ಲಿ ನೆಲೆಗೊಳಿಸಿ ಅವರು 1929ರಲ್ಲಿ ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನು ಪ್ರಕಟಿಸಿದ ಸಂಗತಿಯಿಂದ ಮೊದಲಾದ ಪಾಠ, ಮಾತಿನ ಓಘದಲ್ಲಿ ಈಡಿಪಸನ ಕಥೆಗೂ, ಅಲ್ಲಿ ಬರುವ ಡೆಲ್ಫಿಯ ದೇವವಾಣಿಗೂ, ಆ ಕ್ಷೇತ್ರದ ಒಡೆಯನಾದ ಅಪೊಲೊ ದೇವತೆ ಪೈಥಾನ್ ಎಂಬ ಮಹಾಸರ್ಪವನ್ನು ಕೊಂದ ವೃತ್ತಾಂತಕ್ಕೂ ಹರಿಯಿತು. ಹುಡುಗರು ಕಣ್ಣರಳಿಸಿ ಕೇಳುತ್ತಿದ್ದುದನ್ನು ಕಂಡು, ವಿದ್ಯಾವಂತನೆಂಬ ಹಮ್ಮಿನಿಂದ, “ಇದೆಲ್ಲ ಕಟ್ಟುಕಥೆ, ನಂಬಬೇಡಿರಿ” ಎಂದುಬಿಟ್ಟೆ. ಹಿಂದಿನ ಸಾಲಿನಿಂದ ಗೊರವರ ಮನೆತನದ ಹುಡುಗನೊಬ್ಬ ಎದ್ದುನಿಂತು, “ಗುರುಗಳೇ, ಹಂಗಾದ್ರ ನಮ್ಮ ಮೈಲಾರಪ್ಪ ಮಲ್ಲನ್ನ ಕೊಂದದ್ದೂ ಸುಳ್ಳೇನ್ರೀ?” ಎಂದು ಕೇಳಿದ. ನಾನು ನಿರುತ್ತರನಾದೆ. ಗಂಟೆ ಹೊಡೆಯಿತು. ಆ ಗಂಟೆ ನನ್ನ ಮಾನವನ್ನು ಉಳಿಸಿತೇ ಹೊರತು ಹುಡುಗನ ಸಂಶಯವನ್ನು ಪರಿಹರಿಸಲಿಲ್ಲ. ಅಂದು ಕೊಡಲಾರದ ಉತ್ತರವನ್ನು ಇಂದು ಈ ಸಂಚಿಕೆಯ ಪುಟಗಳಲ್ಲಿ ಕೊಡಲು ಯತ್ನಿಸುತ್ತೇನೆ.

ಮೈಲಾರ ಕ್ಷೇತ್ರವು ನಮ್ಮ ವಾಚಕರಿಗೆ ಅಪರಿಚಿತವಲ್ಲ. ತಂಬ್ರಹಳ್ಳಿಯಿಂದ ಹೊರಟು ಹಡಗಲಿಯನ್ನು ಹಾಯ್ದು ಹೋದರೆ ತುಂಗಭದ್ರೆಯ ದಂಡೆಯ ಮೇಲೆ ಆ ಊರು. ಭರತ ಹುಣ್ಣಿಮೆಗೆ ಅಲ್ಲಿ ನೆರೆಯುವ ಜನಸಾಗರ, ಭಂಡಾರದಿಂದ ಹಳದಿಯಾದ ನೆಲ, “ಏಳುಕೋಟಿ” ಎಂಬ ಉದ್ಘೋಷ, ಕರಿಯ ಕಂಬಳಿಯ ನಿಲುವಂಗಿ ತೊಟ್ಟು ಡಮರುಗ ಬಾರಿಸುವ ಗೊರವಯ್ಯಗಳು, ಇವೆಲ್ಲವನ್ನೂ ನಾವು ಬಾಲ್ಯದಿಂದ ಕಂಡವರು. ಮಣಿ ಮತ್ತು ಮಲ್ಲ ಎಂಬ ದೈತ್ಯ ಸಹೋದರರು ಋಷಿಗಳ ತಪಸ್ಸನ್ನು ಕೆಡಿಸಲಾಗಿ, ಪರಶಿವನು ಮಾರ್ತಾಂಡಭೈರವನ ರೂಪವನ್ನು ತಾಳಿ ಏಳುಕೋಟಿ ಪರಿವಾರದೊಡನೆ ಬಂದು ಅವರನ್ನು ಸಂಹರಿಸಿದನೆಂಬುದು ಕಥೆ. ಈ ವಿಜಯದ ನೆನಪಿಗೆಂದು ಡೆಂಕನಮರಡಿಯಲ್ಲಿ ಕಾರ್ಣಿಕ ನಡೆಯುತ್ತದೆಂಬುದು ಪ್ರತೀತಿ. ಉಪವಾಸವ್ರತದಲ್ಲಿದ್ದ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ಲಕ್ಷೋಪಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ವಾಕ್ಯ ಹೊರಬೀಳುತ್ತದೆ. ಮರುಕ್ಷಣ ಆತ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಈಗ ಡೆಲ್ಫಿಯತ್ತ ನೋಡೋಣ. ಗ್ರೀಸ್ ದೇಶದ ಪಾರ್ನಾಸಸ್ ಪರ್ವತದ ಇಳಿಜಾರಿನಲ್ಲಿರುವ ಈ ಕ್ಷೇತ್ರದ ಕಥೆಯೂ ಇದೇ ಕ್ರಮದಲ್ಲಿದೆ: ಮೊದಲು ಸಂಹಾರ, ಆಮೇಲೆ ನುಡಿ. ಹೋಮರನ ಹೆಸರಿನಲ್ಲಿ ಪ್ರಚಲಿತವಾದ ಅಪೊಲೊ ಸ್ತೋತ್ರದ ಪ್ರಕಾರ ಅಲ್ಲಿನ ಚಿಲುಮೆಯ ಬಳಿ ಒಂದು ಹೆಣ್ಣು ಸರ್ಪವಿದ್ದು ಜನರನ್ನೂ ಕುರಿಗಳನ್ನೂ ನಾಶಮಾಡುತ್ತಿತ್ತು. ಅಪೊಲೊ ಅದನ್ನು ಬಾಣದಿಂದ ಕೊಂದನು. ಮುಂದಿನ ಗ್ರಂಥಗಳಲ್ಲಿ ಅದು ಭೂದೇವಿಯ ಸಂತಾನವಾದ ಪೈಥಾನ್ ಎಂಬ ಗಂಡು ಸರ್ಪವಾಯಿತು. ಅನಂತರ ಪೈಥಿಯಾ ಎಂಬ ಅರ್ಚಕಿ ಮುಕ್ಕಾಲಿಯ ಪೀಠದ ಮೇಲೆ ಕುಳಿತು ದೇವರ ಮಾತನ್ನು ನುಡಿಯತೊಡಗಿದಳು. ಆ ಮಾತಿಗೆ ಅರ್ಥ ಹಚ್ಚುವ ಹೊಣೆ ಮಾತ್ರ ಕೇಳಿದವನದು. ಲಿಡಿಯಾದ ದೊರೆ ಕ್ರೀಸಸನು ಪಾರಸಿಕರ ಮೇಲೆ ದಂಡೆತ್ತಬಹುದೇ ಎಂದು ಕೇಳಿದಾಗ, ಯುದ್ಧಮಾಡಿದರೆ ಒಂದು ದೊಡ್ಡ ರಾಜ್ಯವನ್ನು ನಾಶಮಾಡುವೆ ಎಂಬ ಉತ್ತರ ಬಂದಿತೆಂದು ಹೆರೊಡೊಟಸನು ಬರೆದಿದ್ದಾನೆ. ಕ್ರೀಸಸನು ಹಿಗ್ಗಿ ಯುದ್ಧಮಾಡಿದ. ನಾಶವಾದದ್ದು ಅವನದೇ ರಾಜ್ಯ. ಕ್ರಿ. ಪೂ. 480ರಲ್ಲಿ ಪಾರಸಿಕರು ಅಥೆನ್ಸಿನ ಮೇಲೆ ಬಂದಾಗ, ಮರದ ಗೋಡೆಯೊಂದೇ ನಿಮ್ಮನ್ನು ಕಾಯುವುದೆಂದು ದೇವವಾಣಿಯಾಯಿತು. ಕೋಟೆಗುಡ್ಡದ ಮುಳ್ಳುಬೇಲಿಯೇ ಆ ಗೋಡೆಯೆಂದು ಕೆಲವರು ನಂಬಿ ಅಲ್ಲಿಯೇ ಉಳಿದು ಮಡಿದರು. ಹಡಗುಗಳೇ ಆ ಗೋಡೆಯೆಂದು ಥೆಮಿಸ್ಟೊಕ್ಲಿಸನು ವಾದಿಸಿ ಜನರನ್ನು ಒಪ್ಪಿಸಿದ್ದರಿಂದ ಸಲಾಮಿಸಿನ ಕಡಲಕಾಳಗದಲ್ಲಿ ಯವನರಿಗೆ ಜಯವಾಯಿತು.

ನಮ್ಮಲ್ಲಿಯೂ ಇದು ಹೊಸತಲ್ಲ. 2023ರ ಮೈಲಾರ ಕಾರ್ಣಿಕವು “ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್” ಎಂದಾಯಿತು. ಅದೇ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ಇದ್ದುದರಿಂದ ರಾಜಕೀಯದವರು ಒಂದು ಅರ್ಥ ಹೇಳಿದರು. ಒಕ್ಕಲುಮಕ್ಕಳು ಮಳೆಬೆಳೆಯ ಅರ್ಥವನ್ನು ಹುಡುಕಿದರು. ಅಂಬಲಿ, ಕಂಬಳಿ ಎಂಬ ಎರಡು ಮನೆಮಾತುಗಳನ್ನು ಪ್ರಾಸದಲ್ಲಿ ಹೊಂದಿಸಿ ಇಷ್ಟು ಅರ್ಥಾವಕಾಶವನ್ನು ತುಂಬಿದ ಆ ವಾಕ್ಯವನ್ನು ಅಲಂಕಾರಶಾಸ್ತ್ರ ಓದಿದವರು ಹಗುರವಾಗಿ ಕಾಣಲಾಗದು.

ದೇವವಾಣಿಗೆ ಅರ್ಥ ಹೇಳುವ ಜನ ದೇವಕಥೆಗೂ ಅರ್ಥ ಹೇಳದೆ ಬಿಡುವರೇ? ಯವನರಲ್ಲಿ ಈ ವಿಚಾರ ಬಹು ಹಳೆಯದು. ಕ್ಸೆನೊಫನೀಸನೆಂಬ ತತ್ತ್ವಜ್ಞನು ಕ್ರಿ. ಪೂ. 6ನೆಯ ಶತಮಾನದಷ್ಟು ಹಿಂದೆಯೇ, ಕಳವು, ಹಾದರ, ವಂಚನೆಗಳನ್ನು ಕವಿಗಳು ದೇವರಿಗೆ ಅಂಟಿಸಿದರೆಂದು ಆಕ್ಷೇಪಿಸಿದ. ಅಂಥ ಕಥೆಗಳ ಮರ್ಯಾದೆಯನ್ನು ಉಳಿಸಲು ಹೊರಟವರು ಎರಡು ದಾರಿ ಹಿಡಿದರು. ಒಂದು, ಕಥೆಯನ್ನು ಇತಿಹಾಸವಾಗಿಸುವ ದಾರಿ. ಪೈಥಾನ್ ಹಾವಲ್ಲ, ‘ಮಹಾಸರ್ಪ’ನೆಂಬ ಅಡ್ಡಹೆಸರಿನ ಕ್ರೂರ ಮನುಷ್ಯನೆಂದು ಎಫೊರಸನೆಂಬ ಇತಿಹಾಸಕಾರ ಬರೆದ. ಇನ್ನೊಂದು, ಕಥೆಯನ್ನು ಪ್ರಕೃತಿಯ ರೂಪಕವಾಗಿಸುವ ದಾರಿ. ಒದ್ದೆನೆಲದಿಂದ ಏಳುವ ಹಬೆಯೇ ಸರ್ಪ, ಅದನ್ನು ಚದುರಿಸುವ ಸೂರ್ಯಕಿರಣಗಳೇ ಅಪೊಲೊವಿನ ಬಾಣಗಳೆಂದು ಸ್ಟೋಯಿಕ್ ಪಂಥದ ಆಂಟಿಪೇಟರನು ವಿವರಿಸಿದ.

ಇದನ್ನು ಓದಿದಾಗ ನನಗೆ ಆಶ್ಚರ್ಯವಾದುದಕ್ಕಿಂತ ಪರಿಚಿತ ಮುಖ ಕಂಡಂತಾಯಿತು. ನಮ್ಮ ಯಾಸ್ಕಾಚಾರ್ಯರು ನಿರುಕ್ತದಲ್ಲಿ ವೃತ್ರನೆಂದರೆ ಯಾರೆಂದು ಪ್ರಶ್ನಿಸಿಕೊಂಡು, ನೈರುಕ್ತರ ಮತದಲ್ಲಿ ಅವನು ಮೇಘ, ಐತಿಹಾಸಿಕರ ಮತದಲ್ಲಿ ತ್ವಷ್ಟೃವಿನ ಮಗನಾದ ಅಸುರ ಎಂದು ಎರಡನ್ನೂ ಹೇಳುತ್ತಾರೆ. ಎಫೊರಸ್ ಮತ್ತು ಆಂಟಿಪೇಟರ್ ಒಂದೇ ಸೂತ್ರದೊಳಗೆ ಕುಳಿತಂತಲ್ಲವೇ! ಇಂದ್ರನು ಅಹಲ್ಯೆಯನ್ನು ಕೆಡಿಸಿದ ಕಥೆಯನ್ನು ಕುಮಾರಿಲಭಟ್ಟರು ಸೂರ್ಯನು ರಾತ್ರಿಯನ್ನು ಕರಗಿಸುವುದೆಂದು ಅರ್ಥಮಾಡಿದರು. 19ನೆಯ ಶತಮಾನದಲ್ಲಿ ಮ್ಯಾಕ್ಸ್ ಮುಲ್ಲರ್ ಪಂಡಿತರು ಈ ಜಾಡನ್ನೇ ಹಿಡಿದು, ಅಪೊಲೊ ಅಟ್ಟಿಸಿಕೊಂಡು ಹೋದ ಡಾಫ್ನೆ ಎಂಬ ಕನ್ಯೆಯ ಹೆಸರನ್ನು ವೇದದ ‘ಅಹನಾ’ ಶಬ್ದಕ್ಕೆ ಜೋಡಿಸಿ, ಅವಳೇ ಉಷೆಯೆಂದರು. ಶಬ್ದಶಾಸ್ತ್ರ ಆ ಜೋಡಣೆಯನ್ನು ಮುಂದೆ ಒಪ್ಪಲಿಲ್ಲ. ಎಲ್ಲ ದೇವರೂ ಸೂರ್ಯನೇ ಆದರೆ ಅಷ್ಟೊಂದು ಕಥೆಗಳೇಕೆ ಬೇಕಾದವು ಎಂಬ ಪ್ರಶ್ನೆಗೆ ಆ ಮಹನೀಯರ ಬಳಿ ಸಮಾಧಾನವಿದ್ದಂತೆ ನನಗೆ ತೋರುವುದಿಲ್ಲ.

ಈ ಎರಡು ದಾರಿಗಳಲ್ಲಿ ಮೈಲಾರನನ್ನು ನಡೆಸಿ ನೋಡಬಹುದು. ಎಫೊರಸನ ದಾರಿಯಲ್ಲಾದರೆ ಮಣಿಮಲ್ಲರು ಕುರಿಗಾರರನ್ನು ಕಾಡಿದ ಯಾರೋ ನಾಯಕರಾಗುತ್ತಾರೆ. ಸೂರ್ಯನ ದಾರಿ ಇನ್ನೂ ಸುಲಭ: ಮಾರ್ತಾಂಡನೆಂಬುದು ಸೂರ್ಯನ ಹೆಸರು, ಭಂಡಾರ ಬಿಸಿಲಿನ ಬಣ್ಣ, ದೇವರ ವಾರವೂ ಆದಿತ್ಯವಾರವೇ. ಉಪನ್ಯಾಸಕ್ಕೆ ಇಷ್ಟು ಸಾಕು, ಚಪ್ಪಾಳೆಯೂ ಬಿದ್ದೀತು. ಆದರೆ ಆ ಹುಡುಗ ಚಪ್ಪಾಳೆ ತಟ್ಟುತ್ತಿರಲಿಲ್ಲ. ಅವನ ಅಜ್ಜ ಕಂಬಳಿಯ ನಿಲುವಂಗಿ ತೊಟ್ಟು ಮನೆಮನೆಗೆ ನಡೆದದ್ದು ಮಂಜು ಕರಗಿತೆಂದು ಸಾರುವುದಕ್ಕಲ್ಲ.

ನನಗೆ ಬೆಳಕು ತೋರಿದ್ದು ತತ್ತ್ವಶಾಸ್ತ್ರವಲ್ಲ, ವ್ಯಾಕರಣ. ಮೈಲಾರನಿಗೆ ಮಲ್ಲಾರಿ ಎಂಬ ಹೆಸರುಂಟು. ಮಲ್ಲನ ಅರಿ ಮಲ್ಲಾರಿ, ಷಷ್ಠೀ ತತ್ಪುರುಷ ಸಮಾಸ. ಮಲ್ಲಾರಿಯೇ ಮೈಲಾರವಾಯಿತೆನ್ನುವವರುಂಟು, ಮೈಲಾರವೆಂಬುದು ದೇಶೀಯ ಶಬ್ದ, ಅದನ್ನೇ ಸಂಸ್ಕೃತಕ್ಕೆ ತಿರುಗಿಸಿದರೆನ್ನುವವರೂ ಉಂಟು. ಆ ಚರ್ಚೆ ಹಾಗಿರಲಿ. ಮುರಾರಿ, ಪುರಾರಿ, ವೃತ್ರಾರಿ, ಹಂಪೆಯ ಹೇಮಕೂಟದಲ್ಲಿ ಕಾಮನನ್ನು ಸುಟ್ಟನೆಂದು ಸ್ಥಳಪುರಾಣ ಹೇಳುವ ಕಾಮಾರಿ, ಹೀಗೆ ನಮ್ಮ ದೇವರುಗಳು ತಾವು ಕೊಂದವರ ಹೆಸರನ್ನೇ ಹೊತ್ತು ನಿಂತಿದ್ದಾರೆ. ಶತ್ರು ನಿಃಶೇಷನಾಗಬೇಕಾದರೆ ಮೊದಲು ಅಳಿಯಬೇಕಾದುದು ಅವನ ಹೆಸರು. ಇಲ್ಲಿ ಹೆಸರು ಅಳಿಯುವುದಿರಲಿ, ಸಮಾಸದಲ್ಲಿ ಪೂರ್ವಪದವಾಗಿ ಮುಂದೆ ಕುಳಿತಿದೆ! ಮಲ್ಲಾರಿ ಮಾಹಾತ್ಮ್ಯದ ಸಂಪ್ರದಾಯದಲ್ಲಿ ಇದು ಆಕಸ್ಮಿಕವೂ ಅಲ್ಲ. ಸಾಯುವ ವೇಳೆಗೆ ಮಲ್ಲನು, ನಿನ್ನ ಹೆಸರಿಗೆ ಮೊದಲು ನನ್ನ ಹೆಸರಿರಲೆಂದು ಬೇಡಿ ಪಡೆದನು. ಮಣಿಯು ದೇವರ ಸನ್ನಿಧಿಯಲ್ಲಿ ತನಗೂ ಸ್ಥಾನವನ್ನು ಬೇಡಿ ಪಡೆದನು.

ಯವನರಲ್ಲಿಯೂ ಇದೇ. ಡೆಲ್ಫಿಯ ದೇವರು ಪೈಥಿಯನ್ ಅಪೊಲೊ, ಅರ್ಚಕಿ ಪೈಥಿಯಾ, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮಹೋತ್ಸವ ಪೈಥಿಯನ್ ಕ್ರೀಡೆಗಳು. ಸತ್ತ ಸರ್ಪದ ಉತ್ತರಕ್ರಿಯೆಗಾಗಿಯೇ ಆ ಕ್ರೀಡೆಗಳು ಹುಟ್ಟಿದುವೆಂದು ಹೇಳುವ ಗ್ರಂಥಗಳಿವೆ. ಆ ಕಾಳಗವನ್ನು ಐದು ಭಾಗಗಳಲ್ಲಿ ಊದುವಾದ್ಯದ ಮೇಲೆ ನುಡಿಸುವ ಸ್ಪರ್ಧೆಯೂ ಅಲ್ಲಿತ್ತು. ಹೆಸರಿನ ನಿರುಕ್ತಿಯಲ್ಲಿಯೂ ಅವರು ನಮ್ಮವರಂತೆಯೇ ಜಗಳವಾಡಿದ್ದಾರೆ: ಬಿಸಿಲಿಗೆ ಸರ್ಪದ ದೇಹ ಕೊಳೆತುದರಿಂದ, ಕೊಳೆಯುವುದೆಂಬ ಧಾತುವಿನಿಂದ ಬಂದ ಹೆಸರೆಂದು ಹಳೆಯ ಸ್ತೋತ್ರ, ಜನ ಬಂದು ಕೇಳುವ ಸ್ಥಳವಾದುದರಿಂದ, ಕೇಳುವುದೆಂಬ ಧಾತುವಿನಿಂದ ಬಂದುದೆಂದು ಬೇರೆ ಕೆಲವರು.

ಇನ್ನೂ ಒಂದು ಸಂಗತಿ. ಕೊಂದ ದೇವರಿಗೆ ಅಲ್ಲಿ ದೋಷ ಅಂಟಿತು. ಎಂಟು ವರ್ಷಕ್ಕೊಮ್ಮೆ ಡೆಲ್ಫಿಯಲ್ಲಿ ಸೆಪ್ಟೇರಿಯನ್ ಎಂಬ ಆಚರಣೆ ನಡೆಯುತ್ತಿತ್ತೆಂದು ಅಲ್ಲಿಯೇ ಅರ್ಚಕನಾಗಿದ್ದ ಪ್ಲುಟಾರ್ಕ್ ತಿಳಿಸಿದ್ದಾನೆ. ತಾಯಿತಂದೆ ಇಬ್ಬರೂ ಜೀವಂತವಾಗಿರುವ ಬಾಲಕನೊಬ್ಬನನ್ನು ಪಂಜಿನೊಡನೆ ಸದ್ದಿಲ್ಲದೆ ಒಂದು ಗುಡಿಸಲಿನತ್ತ ಕರೆದೊಯ್ಯುತ್ತಿದ್ದರು. ಅದಕ್ಕೆ ಬೆಂಕಿಯಿಟ್ಟು, ಮೇಜನ್ನು ಉರುಳಿಸಿ, ಹಿಂತಿರುಗಿ ನೋಡದೆ ಓಡುತ್ತಿದ್ದರು. ಬಾಲಕನು ಅಲೆದಾಟ, ಊಳಿಗಗಳನ್ನು ಅನುಭವಿಸಿ ಟೆಂಪೆ ಕಣಿವೆಯಲ್ಲಿ ಶುದ್ಧಿ ಪಡೆಯುತ್ತಿದ್ದನು. ವೃತ್ರನನ್ನು ಕೊಂದ ಇಂದ್ರನು ಬ್ರಹ್ಮಹತ್ಯೆಗೆ ಹೆದರಿ ತಾವರೆಯ ದಂಟಿನಲ್ಲಿ ಅಡಗಿದ ಕಥೆಯನ್ನು ಬಲ್ಲ ನಮಗೆ ಇದು ಹೊರನಾಡಿನ ಮಾತಾಗಿ ಕೇಳಿಸುವುದಿಲ್ಲ. ಅವರಿಂದ ನಮಗೆ ಬಂತೋ ನಮ್ಮಿಂದ ಅವರಿಗೆ ಹೋಯಿತೋ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಅಂಥ ಸಾಲದ ಲೆಕ್ಕ ನನಗೆ ಬೇಕಾಗಿಲ್ಲ.

ಹೀಗೆ ನೋಡಿದರೆ ಕಥೆಯ ಹುರುಳು ತಾನಾಗಿ ತೋರುತ್ತದೆ. ಒಂದು ನೆಲದಲ್ಲಿ ಮೊದಲು ಒಂದು ದೈವವಿತ್ತು, ಆಮೇಲೆ ಇನ್ನೊಂದು ಬಂತು. ಈಸ್ಕಿಲಸನ ನಾಟಕದಲ್ಲಿ ಪೈಥಿಯಾ, ಈ ಪೀಠ ಮೊದಲು ಭೂದೇವಿಯದು, ಅವಳಿಂದ ಥೆಮಿಸಳಿಗೆ, ಅವಳಿಂದ ಫೀಬೆಗೆ, ಕೊನೆಗೆ ಅಪೊಲೊವಿಗೆ ಯಾರ ಬಲಾತ್ಕಾರವೂ ಇಲ್ಲದೆ ಬಂದಿತೆಂದು ಪ್ರಾರ್ಥಿಸುತ್ತಾಳೆ. ಯೂರಿಪಿಡೀಸನಾದರೋ, ಅಪೊಲೊ ಪೀಠವನ್ನು ಕಿತ್ತುಕೊಂಡುದಕ್ಕೆ ಭೂಮಿತಾಯಿ ಮುನಿದು ಮನುಷ್ಯರಿಗೆ ಕನಸುಗಳ ಮೂಲಕ ಭವಿಷ್ಯವನ್ನು ಹೇಳತೊಡಗಿದಳೆನ್ನುತ್ತಾನೆ. ಒಬ್ಬ ಕವಿ ರಾಜಿಯನ್ನು ನೆನೆದ, ಇನ್ನೊಬ್ಬ ಗಾಯವನ್ನು ನೆನೆದ. ಹಳೆಯ ದೈವವನ್ನು ನಂಬಿದ್ದ ಜನ ಎಲ್ಲಿಗೂ ಹೋಗಲಿಲ್ಲ. ಅವರೂ ಜಾತ್ರೆಗೆ ಬರಬೇಕಾಗಿತ್ತು. ಅವರಿಗೆ ಬಾಗಿಲು ತೆರೆದಿಟ್ಟದ್ದು ಆ ಹೆಸರು, ಆ ವರ, ಆ ಪ್ರಾಯಶ್ಚಿತ್ತ. ಈ ಊಹೆ ಡೆಲ್ಫಿಗಿಂತ ಮೈಲಾರಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಕುರಿಗಾರರ ಸಂಸ್ಕೃತಿಯನ್ನು ಕುರಿತು ಶಂಬಾ ಜೋಶಿಯವರು ‘ಹಾಲುಮತ ದರ್ಶನ’ದಲ್ಲಿ ತೆರೆದ ದಾರಿಯಲ್ಲಿ ತರುಣ ವಿದ್ವಾಂಸರು ಮುಂದುವರಿದರೆ ಹೆಚ್ಚು ತಿಳಿದೀತು.

ಅಧ್ಯಾಪಕ ಬಂಧುಗಳಿಗೆ ಒಂದು ಮಾತು. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ, ದೇವರುಗಳ ಜಗಳ ಹಿಂಸೆಗಳ ಕಥೆಗಳನ್ನು ಗೂಢಾರ್ಥವಿದೆಯೆಂಬ ನೆಪದಿಂದಲೂ ಮಕ್ಕಳಿಗೆ ಹೇಳಕೂಡದು, ಯಾವುದು ಗೂಢಾರ್ಥ ಯಾವುದು ಅಲ್ಲವೆಂದು ಎಳೆಯರು ಅರಿಯಲಾರರು ಎಂದು ವಿಧಿಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣರೂ ಹಲವು ದೈವಗಳ ಆರಾಧನೆಯನ್ನು ನಿಷ್ಠುರವಾಗಿ ಖಂಡಿಸಿದವರೇ. ಆ ನಿಷ್ಠುರತೆಗೆ ತಲೆಬಾಗುತ್ತೇನೆ. ಆದರೆ ಶರಣರು ಖಂಡಿಸುವ ಮೊದಲು ಆ ದೈವಗಳನ್ನು ಬಲ್ಲವರಾಗಿದ್ದರು. ನಾನು ಬಲ್ಲದೆಯೇ ಸುಳ್ಳೆಂದೆ. ಪ್ಲೇಟೋವಿನ ಆಜ್ಞೆ ನಮ್ಮ ತರಗತಿಗಳಲ್ಲಿ ನಡೆಯುವಂತೆಯೂ ಇಲ್ಲ. ನಮ್ಮ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅಜ್ಜನ ಹೆಗಲ ಮೇಲೆ ಕುಳಿತು ಕಾರ್ಣಿಕವನ್ನು ಕೇಳಿಬಂದಿರುತ್ತಾರೆ.

2023ರ ಭರತ ಹುಣ್ಣಿಮೆಯ ಮರುದಿನ ಮೈಲಾರದಿಂದ ಹಿಂತಿರುಗುವಾಗ ಹಡಗಲಿಯ ಬಸ್ ನಿಲ್ದಾಣದಲ್ಲಿ ಆ ವಿದ್ಯಾರ್ಥಿ ಸಿಕ್ಕಿದ್ದ. ಹಣೆಯ ತುಂಬ ಭಂಡಾರ, ಪಕ್ಕದಲ್ಲಿ ಮಗ. ಕಾಲುಮುಟ್ಟಿ ನಮಸ್ಕರಿಸಿದ. ಹಳೆಯ ಪ್ರಶ್ನೆಯನ್ನು ನಾನೇ ಎತ್ತಿದೆ. ಆತ ನಕ್ಕು, “ಅದಿನ್ನೂ ನೆನಪೈತೇನ್ರೀ ಗುರುಗಳೇ?” ಎಂದ. ಮಲ್ಲಾರಿ ಶಬ್ದವನ್ನು ಬಿಡಿಸಿ ಹೇಳತೊಡಗಿದೆ. ಅಷ್ಟರಲ್ಲಿ ಬಸ್ಸು ಬಂತು, ಮಾತು ಅರ್ಧಕ್ಕೆ ನಿಂತಿತು. ಈ ಸಂಚಿಕೆಯ ಒಂದು ಪ್ರತಿಯನ್ನು ಆತನ ವಿಳಾಸಕ್ಕೆ ಕಳುಹಿಸುವಂತೆ ಸಂಪಾದಕರನ್ನು ಕೇಳಿಕೊಂಡಿದ್ದೇನೆ.