ದೇಶ ಬದಲಾದರೆ ತುತ್ತಿನ ಅಳತೆಯೂ ಬದಲಾಗಬೇಕು

ಶ್ರೀಮಠದ ಸದ್ಭಕ್ತರಲ್ಲಿ ಹಲವರ ಮಕ್ಕಳು ಇಂದು ಇಂಗ್ಲೆಂಡಿನಂತಹ ಶೀತದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಅವರಂತೆಯೇ ತಾಯ್ನೆಲ ಬಿಟ್ಟು ಬಂದವರಲ್ಲಿ ಪಶ್ಚಿಮ ಆಫ್ರಿಕದ ನೈಜೀರಿಯದವರು ಬಹುಮಂದಿ. ಅವರ ಊಟಕ್ಕೂ ನಮ್ಮ ಊಟಕ್ಕೂ ಇರುವ ಸಾಮ್ಯ ಸಣ್ಣದಲ್ಲ. ಪರದೇಶದಲ್ಲಿ ಅವರಿಗೆ ಎದುರಾಗುವ ಆರೋಗ್ಯದ ತೊಡಕುಗಳಲ್ಲಿ ಕೆಲವು ನಮ್ಮವರಿಗೂ ತಪ್ಪಿದ್ದಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಆ ಜನರ ಆಹಾರ ವಿಹಾರಗಳನ್ನು ವಿಚಾರಿಸೋಣ.

ಜಗತ್ತಿನಲ್ಲಿ ಮರಗೆಣಸನ್ನು ಅತಿ ಹೆಚ್ಚು ಬೆಳೆಯುವ ದೇಶ ನೈಜೀರಿಯ. ಅದನ್ನು ತುರಿದು, ಹುಳಿ ಬರಿಸಿ, ಹಿಂಡಿ, ಹುರಿದರೆ ‘ಗಾರಿ’ ಎಂಬ ತರಿಯಾಗುತ್ತದೆ. ಆ ತರಿಯನ್ನು ಕುದಿಯುವ ನೀರಿನಲ್ಲಿ ತಿರುವಿದರೆ ‘ಎಬಾ’ ಎಂಬ ಮುದ್ದೆ. ಬೇಯಿಸಿದ ದೊಡ್ಡ ಗೆಣಸನ್ನು ಒರಳಿನಲ್ಲಿ ಕುಟ್ಟಿ ಮಾಡುವ ಮುದ್ದೆಯೂ ಉಂಟು. ಉತ್ತರ ಭಾಗದ ಹೌಸಾ ಜನರು ಜೋಳದ ಹಿಟ್ಟಿನಿಂದಲೂ ‘ತುವೊ’ ಎಂಬ ಮುದ್ದೆ ಮಾಡುತ್ತಾರೆ. ಕೈಯಿಂದ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ಅವರ ರೂಢಿ. ಹಳೆಯ ಮೈಸೂರು ಸೀಮೆಯ ರಾಗಿಮುದ್ದೆಯ ಊಟವನ್ನು ಬಲ್ಲವರಿಗೆ ಇದು ಹೊಸದೆನಿಸದು.

ಆಹಾರವು ಹಿತವೋ ಅಹಿತವೋ ಎಂಬುದನ್ನು ನಿರ್ಣಯಿಸಲು ಚರಕಾಚಾರ್ಯರು ಎಂಟು ಅಂಶಗಳನ್ನು ಹೇಳಿದ್ದಾರೆ. ಅವುಗಳಲ್ಲಿ ರಾಶಿ ಎಂದರೆ ಪ್ರಮಾಣ, ದೇಶ ಎಂದರೆ ಸ್ಥಳ. ಇವೆರಡೂ ಇಲ್ಲಿ ಮುಖ್ಯ. ಹೊಲದಲ್ಲಿ ದಿನವಿಡೀ ದುಡಿಯುವವನಿಗೆ ಎರಡು ಮುದ್ದೆ ಅಮೃತವೇ ಸರಿ. ಅದೇ ಮನುಷ್ಯ ಲಂಡನ್ನಿನಲ್ಲಿ ಕುರ್ಚಿಯ ಮೇಲೆ ಎಂಟು ಗಂಟೆ ಕುಳಿತು, ರಾತ್ರಿ ತಡವಾಗಿ ಅದೇ ಎರಡು ಮುದ್ದೆ ಉಂಡರೆ ಅದು ಮೇದಸ್ಸಾಗಿ ಸೊಂಟದಲ್ಲಿ ನಿಲ್ಲುತ್ತದೆ. ತಪ್ಪು ಆಹಾರದ್ದಲ್ಲ, ಅಳತೆಯದು.

ಹಾಗಾದರೆ ತಾಯ್ನೆಲದ ಊಟವನ್ನು ಬಿಟ್ಟುಬಿಡಬೇಕೆ? ಸರ್ವಥಾ ಬೇಡ. ಮುದ್ದೆಯನ್ನು ಮುಷ್ಟಿಯಷ್ಟಕ್ಕೆ ಇಳಿಸಿ, ಸಾರಿನಲ್ಲಿ ಸೊಪ್ಪನ್ನು ಹೆಚ್ಚಿಸಿದರೆ ಸಾಕು. ನೈಜೀರಿಯದ ‘ಉಗು’ ಸೊಪ್ಪು ದೊರೆಯದಿದ್ದಲ್ಲಿ ಪಾಲಕ್ ಸೊಪ್ಪು ಆಗುತ್ತದೆ. ಮರಗೆಣಸಿನಲ್ಲಿ ಪಿಷ್ಟ ಹೇರಳ, ಸಸಾರಜನಕ ಬಹಳ ಕಡಿಮೆ. ಆ ಕೊರತೆಯನ್ನು ತುಂಬಲು ಅವರ ಅಡುಗೆಯಲ್ಲಿಯೇ ಅಲಸಂದೆ ಇದೆ. ನೆನೆಸಿದ ಅಲಸಂದೆಯನ್ನು ರುಬ್ಬಿ ಹಬೆಯಲ್ಲಿ ಬೇಯಿಸಿದರೆ ‘ಮೊಯಿ ಮೊಯಿ’. ಅದನ್ನೇ ಎಣ್ಣೆಯಲ್ಲಿ ಕರಿದರೆ ನಮ್ಮ ವಡೆಯಂತಹ ‘ಅಕರಾ’. ದಿನನಿತ್ಯಕ್ಕೆ ಮೊದಲನೆಯದು ಲೇಸು, ಎರಡನೆಯದು ಹಬ್ಬಕ್ಕಿರಲಿ.

ಕೆಂಪು ತಾಳೆ ಎಣ್ಣೆಯಲ್ಲಿ ‘ಎ’ ಜೀವಸತ್ವದ ಮೂಲವಾದ ಕೆರೊಟಿನ್ ಉಂಟು. ಆದರೆ ಅದರ ಕೊಬ್ಬಿನಲ್ಲಿ ಸುಮಾರು ಅರ್ಧ ಪಾಲು ಹೃದಯಕ್ಕೆ ಹಿತವಲ್ಲದ ಸಂತೃಪ್ತ ಕೊಬ್ಬು. ಅದನ್ನು ಸುರಿಯದೆ ಚಮಚದಿಂದ ಅಳೆದು ಹಾಕಬೇಕು. ಸಾರಿಗೆ ಹಾಕುವ ಮಸಾಲೆ ಬಿಲ್ಲೆಗಳಲ್ಲಿ ಉಪ್ಪೇ ಅಧಿಕ. ಎಲ್ಲ ಅಡುಗೆಯಲ್ಲಿಯೂ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಫ್ರಿಕ ಮೂಲದವರಲ್ಲಿ ರಕ್ತದೊತ್ತಡವೂ, ನಮ್ಮವರಲ್ಲಿ ಮಧುಮೇಹವೂ ಹೆಚ್ಚು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ. ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು.

ಇನ್ನು ಬಿಸಿಲಿನ ಮಾತು. ಲಾಗೋಸ್ ನಗರವು ಭೂಮಧ್ಯರೇಖೆಯಿಂದ 6 ಡಿಗ್ರಿಯಷ್ಟು ಉತ್ತರಕ್ಕಿದೆ, ಲಂಡನ್ 51 ಡಿಗ್ರಿಯಷ್ಟು. ಅಕ್ಟೋಬರಿನಿಂದ ಮಾರ್ಚ್ ಮೊದಲ ವಾರಗಳವರೆಗೆ ಅಲ್ಲಿನ ಬಿಸಿಲಿನಿಂದ ಚರ್ಮವು ಸಾಕಷ್ಟು ‘ಡಿ’ ಜೀವಸತ್ವವನ್ನು ತಯಾರಿಸಲಾರದು. ಕಪ್ಪು ಚರ್ಮಕ್ಕೆ ಬೇಸಗೆಯಲ್ಲಿಯೂ ಅದು ಕಷ್ಟ. ಹೀಗಾಗಿ ಆಫ್ರಿಕ ಮತ್ತು ದಕ್ಷಿಣ ಏಷ್ಯ ಮೂಲದವರು ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ‘ಡಿ’ ಜೀವಸತ್ವ ಸೇವಿಸುವುದು ಒಳಿತೆಂದು ಬ್ರಿಟನ್ನಿನ ಆರೋಗ್ಯ ಸೇವೆಯು ಸೂಚಿಸುತ್ತದೆ. ನಿರ್ಲಕ್ಷಿಸಿದರೆ ಮಕ್ಕಳ ಮೂಳೆ ಬಾಗೀತು, ಹಿರಿಯರ ಮೂಳೆ ನೊಂದೀತು. ವೈದ್ಯರು ಹೇಳದೆ ಪ್ರಮಾಣ ಹೆಚ್ಚಿಸುವುದೂ ಅಪಾಯವೇ.

ಊರಿಗೆ ಮರಳುವಾಗಲೂ ಒಂದು ಎಚ್ಚರಿಕೆ ಅವಶ್ಯ. ನೈಜೀರಿಯದಲ್ಲಿ ಬೆಳೆದವರಿಗೆ ಮಲೇರಿಯದ ವಿರುದ್ಧ ಒಂದಿಷ್ಟು ನಿರೋಧಶಕ್ತಿ ಇರುತ್ತದೆ. ಪರದೇಶದಲ್ಲಿ ವರ್ಷಗಳು ಕಳೆದಂತೆ ಅದು ಕುಗ್ಗುತ್ತದೆ. ‘ನಾವು ಅಲ್ಲಿಯೇ ಹುಟ್ಟಿದವರು, ನಮಗೇನಾದೀತು’ ಎಂಬ ಧೈರ್ಯ ಪ್ರಾಣಕ್ಕೆ ಎರವಾಗಬಹುದು. ಹೊರಡುವ ಮುನ್ನ ವೈದ್ಯರಿಂದ ತಡೆಮಾತ್ರೆ ಪಡೆಯಬೇಕು. ಹಿಂದಿರುಗಿದ ಒಂದು ವರ್ಷದೊಳಗೆ ಜ್ವರ ಬಂದರೆ ಆ ದಿನವೇ ಪ್ರಯಾಣದ ಸಂಗತಿ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಕೊನೆಯದಾಗಿ, ಯೊರುಬಾ ಜನರಲ್ಲಿ ‘ಅಗ್ಬೊ’ ಎಂಬ ಬೇರು, ತೊಗಟೆಗಳ ಕಷಾಯ ಬಳಕೆಯಲ್ಲಿದೆ. ಮೂಲಿಕೆಗಳ ಬೆಲೆಯನ್ನು ಅರಿತ ಆಯುರ್ವೇದದವರಾದ ನಾವೇ ಹೇಳುತ್ತೇವೆ: ಯಾವ ಕಷಾಯವನ್ನೇ ಆಗಲಿ ನೆಚ್ಚಿ ರಕ್ತದೊತ್ತಡ, ಮಧುಮೇಹಗಳ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಸೇವಿಸುವ ಮೂಲಿಕೆಯನ್ನು ಚಿಕಿತ್ಸಕರಿಂದ ಮುಚ್ಚಿಡಲೂ ಬಾರದು.

ಪರದೇಶದಲ್ಲಿರುವ ತಮ್ಮ ಮಕ್ಕಳೊಡನೆ ಮಾತನಾಡುವಾಗ ‘ಊಟವಾಯಿತೆ’ ಎಂದು ಕೇಳುವುದರ ಜೊತೆಗೆ, ಎಷ್ಟು ಉಂಡಿರಿ, ಎಷ್ಟು ನಡೆದಿರಿ, ಬಿಸಿಲು ಕಂಡಿರಾ ಎಂದೂ ಕೇಳಿರಿ. ಅನ್ನವು ಪ್ರಸಾದವಾಗುವುದು ಅದನ್ನು ಮಿತವರಿತು ಸ್ವೀಕರಿಸಿದಾಗ. ಕಾಯಕಕ್ಕೆ ಬೇಕಾದ ಕಾಯವು ಉಳಿಯುವುದೂ ಆಗಲೇ.